ರೊಟ್ಟಿ ತಿನ್ನುವ ವಸಡು

ಆ ಕಾಲಕ್ಕೆ ಜೋಳದ ರೊಟ್ಟಿ ಗಟ್ಟಿ ವಸಡಿನವರಿಗೆ ಮಾತ್ರ ಎಂದಾಗಿತ್ತು. ಉಳಿದವರಿಗೆ ಸಾಯುವವರೆಗೆ ಗಂಜಿ. ವರ್ಷಕ್ಕೊಮ್ಮೆ ಪರೀಕ್ಷೆ, ರಕ್ತ ಬಂದರೆ ನಪಾಸು; ನಪಾಸಾದವರ ಪಾಲಿನ ರೊಟ್ಟಿ ಪರೀಕ್ಷೆ ಮಾಡಿದವರಿಗೆ.

ಗದಗಿನ ಕೇಂದ್ರದಲ್ಲಿ ಪರೀಕ್ಷೆ ಮಾಡುವ ಇಂದುಮತಿ, ಮುದುಕಿ ನೀಲವ್ವನ ವಸಡಿನ ಸಂದಿಗೆ ಅಳತೆಕಡ್ಡಿ ಇಳಿಸುತ್ತ ಹಲ್ಲಿನಿಂದ ಹಲ್ಲಿಗೆ ಹೋದಳು. ಎಲ್ಲಿಯೂ ಎರಡು ಮಿಲಿಮೀಟರಿಗಿಂತ ಆಳವಿರಲಿಲ್ಲ. ಕಲ್ಲಿನಂಥ ವಸಡು. ಆದರೂ ಕಡ್ಡಿಯ ತುದಿಗೆ ರಕ್ತ ಹತ್ತಿತು.

"ಮುಂಜಾನೆ ಎಷ್ಟು ಸಲ ಹಲ್ಲು ತಿಕ್ಕೀರಿ?"

"ನಾಕು ಸಲರೀ ಅಕ್ಕಾರ. ಸ್ವಚ್ಛ ಕಾಣ್ಲಿ ಅಂತ."

ಅದು ತಿಕ್ಕಿದ ಗಾಯ, ರೋಗವಲ್ಲ; ನಾಲ್ಕು ದಿನ ಬಿಟ್ಟು ನೋಡಿದರೆ ಪಾಸು. ಇಂದುಮತಿಗೆ ಅದು ಚೆನ್ನಾಗಿ ಗೊತ್ತಿತ್ತು. ಚೀಟಿಯಲ್ಲಿ 'ರಕ್ತ, ಗಂಜಿ' ಎಂದು ಬರೆದಳು. ಮುದುಕಿಯ ಕೈಯಲ್ಲಿದ್ದ ಬ್ರಷ್ಷು ತೆಗೆದು ಬುಟ್ಟಿಗೆ ಎಸೆದಳು.

"ಇನ್ನ ಇದು ಬೇಕಾಗಂಗಿಲ್ಲ ಬಿಡ್ರಿ."

ಪರೀಕ್ಷೆ ಇನ್ನೂ ಮುಗಿದಿಲ್ಲವೇನೋ ಎಂಬಂತೆ ನೀಲವ್ವ ಬಾಯಿ ತೆರೆದುಕೊಂಡೇ ಕೂತಿದ್ದಳು.

ಹೊರಗೆ ಸಾಲಿನಲ್ಲಿ ನಿಂತವರೆಲ್ಲ ಗಸಗಸ ಹಲ್ಲುಜ್ಜುತ್ತಿದ್ದರು. ಮುಂದಿದ್ದ ಬಸುರಿ ನೊರೆಬಾಯಲ್ಲೇ ಕೇಳಿದಳು: "ಇನ್ನೂ ಜೋರ್ ತಿಕ್ಕಲೇನ್ರಿ ಅಕ್ಕಾರ?"

"ತಿಕ್ಕವಾ," ಎಂದಳು ಇಂದುಮತಿ, "ಚಲೋತ್ನಂಗ ತಿಕ್ಕು."