ಜಪ್ತಿಯಾದ ದೀಪ

ಅಂದು ಬೆಳಿಗ್ಗೆ ಹೊಸನಗರದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಸಾಗರದ ಬಸ್ಸಿನಿಂದಿಳಿದ ಸೀತಾರಾಮಪ್ಪನವರಿಗೆ ಮಗಳ ಹೊಸ ಮನೆಗಿಂತ ಮೊದಲು ಅಲ್ಲಿನ ಹೋಮದ ಹೊಗೆಯೇ ಸಿಕ್ಕಿತು. ಅಗ್ನಿಶಾಮಕ ಠಾಣೆಯ ಮುಖ್ಯಸ್ಥರಾಗಿ ನಿವೃತ್ತರಾದವರು. ಹೊಗೆ ಹಿಡಿದು ಮನೆ ಹುಡುಕುವುದು ಅವರಿಗೆ ಹೊಸದಲ್ಲ. ಒಂದು ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು, ಮಗಳಿಗೆ ಉಡುಗೊರೆ. ಇನ್ನೊಂದರಲ್ಲಿ ಬಟ್ಟೆಯ ಚೀಲ.

ಒಳಗೆ ಬಂದವರೇ ಹೋಮಕುಂಡದ ಪಕ್ಕ ಒಂದು ಬಕೆಟ್ ಮರಳು ಇಡಿಸಿದರು. ಪುರೋಹಿತ ಗಜಾನನ ಭಟ್ಟರಿಗೆ ಮಂತ್ರದ ನಡುವೆಯೇ ನಗು ಬಂತು.

"ಅಗ್ನೀನ ನಾವು ಕರೀತಾ ಇದ್ರೆ, ನೀವು ಓಡಿಸೋಕೆ ಬಂದ್ರಾ?"

"ನೀವು ಕರೀರಿ ಭಟ್ರೇ. ಬಂದೋನು ಎಲ್ಲಿ ಕೂರ್ಬೇಕು ಅಂತ ನಾನು ಹೇಳ್ತೀನಿ."

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಶ್ಯಾಮಲಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಹದಿನೇಳು ವರ್ಷದ ಹಿಂದಿನವರೆಗೂ ಸೀತಾರಾಮಪ್ಪನವರ ಹೆಂಡತಿ. ಈಗ ತೀರ್ಥಹಳ್ಳಿಯಲ್ಲಿ ಹೊಲಿಗೆ ಕಲಿಸಿಕೊಂಡು ತಮ್ಮ ಪಾಡಿಗೆ ಇರುವವರು. "ಸಾಹೇಬ್ರು ಇವತ್ತು ಗಂಟೆ ಬಾರಿಸದೇ ಬಂದ್ರು," ಎಂದು ಗೋಡೆಗೆ ಹೇಳಿದರು.

ಹಾಲುಕ್ಕಿಸುವ ಹೊತ್ತಾಯಿತು. ಮೊದಲ ದೀಪ ಅಮ್ಮನೇ ಹಚ್ಚಬೇಕು ಎಂದಳು ಮಗಳು ಕವನಾ. ಸೀತಾರಾಮಪ್ಪನವರ ಅಕ್ಕ ವೆಂಕಮ್ಮ ಅಡ್ಡ ಬಂದರು. "ಹೊಸ ಮನೆ ಮಾರಾಯ್ತಿ! ಬೇರೆ ಯಾರಾದ್ರೂ ಹಚ್ಲಿ. ಅವಳ ಕೈಯ ದೀಪ ಎಂತ ಮಾಡ್ತು ಅಂತ ಊರಿಗೇ ಗೊತ್ತು."

ಊರಿಗೆ ಗೊತ್ತಿದ್ದದ್ದು ಇಷ್ಟು. ಬೆಂಕಿ ಆರಿಸುವ ಸಾಹೇಬರ ಮನೆಗೇ ಒಂದು ದಿನ ಬೆಂಕಿ ಬಿತ್ತು. ಅವರ ಠಾಣೆಯವರೇ ಗಂಟೆ ಬಾರಿಸುತ್ತ ಬಂದು ಆರಿಸಿದರು. ಉರಿ ದೇವರ ಗೂಡಿನ ಹತ್ತಿರದವರೆಗೆ ಬಂದು, ಯಾಕೋ ಒಳಗೆ ಕೈ ಹಾಕಿರಲಿಲ್ಲ. ವರದಿಯಲ್ಲಿ ಕಾರಣವನ್ನು ಸಾಹೇಬರೇ ಬರೆದರು: ದೇವರ ದೀಪ, ಗೃಹಿಣಿಯ ಅಲಕ್ಷ್ಯ. ನನ್ನ ತಾಯಿ ಕೆರಿಯಮ್ಮ ಕೊಟ್ಟ ದೀಪ ಅದು, ಅಮ್ಮ ಕಲಿಸಿದ ಹಾಗೆ ಬತ್ತಿಯ ಮೇಲೆ ಹೂವಿಟ್ಟು ಉರಿ ಶಾಂತ ಮಾಡಿಯೇ ಬಾವಿಗೆ ಹೋಗಿದ್ದೆ ಎಂದು ಶ್ಯಾಮಲಮ್ಮ ಎಷ್ಟು ಹೇಳಿದರೂ ಆಗಲಿಲ್ಲ. "ಸಾಕ್ಷಿ ಎಲ್ಲಿ?" ಎಂದು ಕೇಳಿ ಸಾಹೇಬರು ದೀಪವನ್ನು ಜಪ್ತಿ ಮಾಡಿದರು. ಶ್ಯಾಮಲಮ್ಮ ಆ ವಾರವೇ ಮಗಳ ಕೈ ಹಿಡಿದು ತೀರ್ಥಹಳ್ಳಿ ಬಸ್ಸು ಹತ್ತಿದ್ದರು.

ಈಗ ಅವರು ಬೆಂಕಿಪೊಟ್ಟಣವನ್ನು ಮಗಳ ಕೈಗಿಟ್ಟು ಹಿಂದೆ ಸರಿದರು. "ನೀನೇ ಹಚ್ಚು ಮಗಾ. ಮಾತು ಬೇಡ."

"ಅಕ್ಕಾ, ಸ್ವಲ್ಪ ಸುಮ್ನಿರು," ಎಂದರು ಸೀತಾರಾಮಪ್ಪನವರು. "ಅವತ್ತು ನಾನು ದೇವರ ಗೂಡಿನ ಪಕ್ಕದ ಮಂಚದ ಮೇಲೆ ಯೂನಿಫಾರ್ಮಿಗೆ ಇಸ್ತ್ರಿ ಹಾಕ್ತಿದ್ದೆ. ಠಾಣೆಯಿಂದ ಫೋನ್ ಬಂತು. ಇಸ್ತ್ರಿಪೆಟ್ಟಿಗೆ ಆರಿಸದೇ ಎದ್ದು ಹೋದೆ. ಬೆಂಕಿ ಹತ್ತಿದ್ದು ಅಲ್ಲಿಂದ."

ಭಟ್ಟರ ಕೈಯಲ್ಲಿ ತುಪ್ಪದ ಸೌಟು ಹಾಗೇ ನಿಂತಿತು.

"ಎಂತದು!" ವೆಂಕಮ್ಮ ತಮ್ಮನ ಕಡೆ ತಿರುಗಿದರು. "ಮತ್ತೆ ಇವಳ ಮೇಲೆ ಬರ್ದದ್ದು?"

"ಊರಿಗೆಲ್ಲ ಬುದ್ಧಿ ಹೇಳ್ತಿದ್ದೋನು ನಾನು. ನಗ್ತಾರೆ ಅಂತ ಹೆದರಿದೆ."

ಶ್ಯಾಮಲಮ್ಮ ಅಳಲಿಲ್ಲ, ಬೈಯಲಿಲ್ಲ. ಅವರನ್ನೇ ನೋಡಿ, ಮೆಲ್ಲಗೆ ಕೇಳಿದರು:

"ಸಾಕ್ಷಿ ಎಲ್ಲಿ, ಸಾಹೇಬ್ರೇ?"

ಸೀತಾರಾಮಪ್ಪನವರು ಚೀಲದಿಂದ ಹಿತ್ತಾಳೆಯ ದೀಪ ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟರು. ಹದಿನೇಳು ವರ್ಷದಿಂದ ಅದನ್ನು ಯಾರೂ ತೊಳೆದಿರಲಿಲ್ಲ. ಕಪ್ಪುಗಟ್ಟಿದ ಬತ್ತಿಯ ತಲೆಯ ಮೇಲೆ, ಎಣ್ಣೆಜಿಡ್ಡಿನಲ್ಲಿ ಒಣಗಿ ಅಂಟಿಕೊಂಡು, ಒಂದು ರತ್ನಗಂಧಿ ಹೂವು ಇಟ್ಟಲ್ಲೇ ಕೂತಿತ್ತು.