ಮೂವರು ಆಡುವ ಆಟ

ಅವರೆಕಾಯಿ ಸುಲಿಯುತ್ತಲೇ ಅವಳು ಪಕ್ಕದಲ್ಲಿ ಕೂತಿದ್ದ ಗಂಡನ ಮಗಳಿಗೆ ಮೊಬೈಲ್ ತೋರಿಸಿದಳು. ತಾಯಿ ತೀರಿಕೊಂಡ ಆ ಹುಡುಗಿ, ಹೊಸದಾಗಿ ಮದುವೆಯಾಗಿ ಬಂದ ತನ್ನೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದೇ ಇಲ್ಲ. ಹುಟ್ಟುಹಬ್ಬದ ಉಡುಗೊರೆಯಾದರೂ ಅವಳನ್ನು ಹತ್ತಿರ ತರಲಿ ಎಂಬ ಆಸೆ ಇವಳದು.

“ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಹಾಕ್ತಾ ಕಥೆ ಕಟ್ಟೋ ಆಟಗಳು ಇವು. ಯಾವ್ದು ಬೇಕು ಪುಟ್ಟಿ?”

“ಅಪ್ಪನೂ ಆಡ್ತಾರಾ?”

“ಮೂರು ಜನ ಆದ್ರೂ ಬೇಕಂತಲ್ಲ.”

ಹುಡುಗಿ ಒಂದೊಂದರ ವಿವರವನ್ನೂ ನಿಧಾನವಾಗಿ ಓದಿ, ಒಂದು ಆಟದ ಮೇಲೆ ಬೆರಳಿಟ್ಟಳು. “ಇದೇ ಇರ್ಲಿ. ಇದ್ರಲ್ಲಿ ಒಬ್ಳು ಎಷ್ಟು ಎತ್ತರದಿಂದ ಬಿದ್ರೂ ಸಾಯಲ್ಲ. ಅವಳು ನೀವಾಗಿ.”

“ಅಯ್ಯೋ, ನಾನು ಮಾಟಗಾತಿ ಆಗ್ಬೇಕು ಅಂತಿದ್ದೆ!” ಅವಳು ನಕ್ಕಳು.

ಹುಡುಗಿ ನಗಲಿಲ್ಲ. “ಅಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದಿದ್ದಲ್ಲ ಚಿಕ್ಕಮ್ಮ,” ಎಂದಳು ದನಿ ತಗ್ಗಿಸಿ. “ಅಪ್ಪ ತಳ್ಳಿದ್ದು ನಾನು ನೋಡಿದೀನಿ.”

ಮಹಡಿಯಿಂದ ಗಂಡ ಕೂಗಿದ: “ಕಾಫಿ ಮೇಲಕ್ಕೇ ತಗೊಂಡ್ ಬಾರೇ.”

“ಬಂದೆ ರೀ,” ಎಂದವಳು ಮಗುವಿನ ಕೈ ಹಿಡಿದು, ಹಿತ್ತಿಲ ಬಾಗಿಲ ಚಿಲಕವನ್ನು ಸದ್ದಾಗದಂತೆ ತೆಗೆದಳು.