ಕಂದೀಲಿಲ್ಲದ ದಾರಿ

ಆನೆಗೆ ಕಣ್ಣು ಹೋಗಿದೆ ಎಂಬ ಸುದ್ದಿ ಲೆಮ್ಯುಯೆಲ್ ಸ್ಟ್ರೌಡ್‌ನ ಕಿವಿಗೆ ಬಿದ್ದದ್ದು ಮಂಗಳವಾರ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಆತ ಕುದುರೆ ಓಡಿಸಿಕೊಂಡು ಹಡ್ಸನ್ ನದಿ ದಂಡೆಯ ಆ ಹಳ್ಳಿಗೆ ಬಂದಿಳಿದ. ಊರೂರು ತಿರುಗುವ ಆತನ ಪ್ರಾಣಿಪ್ರದರ್ಶನದಲ್ಲಿ ಹಲ್ಲುದುರಿದ ಸಿಂಹವೊಂದು, ಒಂಟೆಯೊಂದು ಇದ್ದವು. ಆದರೆ ಜನ ನುಗ್ಗುತ್ತಿದ್ದದ್ದು ದೆಲೀಲಾ ಎಂಬ ಹೆಣ್ಣಾನೆಯನ್ನು ನೋಡುವುದಕ್ಕೆ.

ಬೂಟಿನ ಕಿರುಗುಟ್ಟುವಿಕೆಗೇ ಮಾವುತ ಜೋಥಮ್ ಪೆಲ್ ಟೋಪಿ ತೆಗೆದು ನಿಂತ.

"ದಾರೀಲಿ ನಿನ್ನ ಹೆಗಲ ಮೇಲೆ ಸೊಂಡಿಲಿಟ್ಕೊಂಡೇ ನಡೀತದಂತೆ," ಎಂದ ಸ್ಟ್ರೌಡ್. "ಕುರುಡರು ಹಂಗೇ ಅಲ್ವೇನಯ್ಯಾ ನಡೆಯೋದು?"

"ನಾವು ಹಂಗೇ ನಡೆಯೋದು ಯಜಮಾನ್ರೇ. ಅಭ್ಯಾಸ ಆಗ್ಬಿಟ್ಟಿದೆ."

"ಹೋದ ವಾರ ಪಾದ್ರಿಯ ಬೇಲಿಗೆ ಡಿಕ್ಕಿ ಹೊಡೆದಿರಲ್ಲ, ಆಗ ಮುಂದಿದ್ದವನು ಯಾರು?"

"ನಾನೇ. ಅವಳು ಬೇಡ ಬೇಡ ಅಂತ ಎಳೀತಿದ್ಲು. ನಾನೇ ದೊಡ್ಡ ಜಾಣ, ಕೇಳಲಿಲ್ಲ."

ಸ್ಟ್ರೌಡ್ ನಗಲಿಲ್ಲ. ಕುರುಡಾನೆಗೆ ದಿನಕ್ಕೊಂದು ಗಾಡಿ ಹುಲ್ಲು ಹಾಕಲು ತಾನೇನು ಧರ್ಮಛತ್ರ ಇಟ್ಟಿಲ್ಲ, ಕಣ್ಣಿಲ್ಲವೆಂದಾದರೆ ನಾಳೆಯೇ ಗುಂಡು ಹೊಡೆಸಿ ತೊಗಲು ಹದ ಮಾಡುವವನಿಗೆ ಕೊಡುತ್ತೇನೆ ಎಂದ. ಜೋಥಮ್ ದೆಲೀಲಾಳ ಸೊಂಡಿಲನ್ನು ಬಿಗಿಯಾಗಿ ಹಿಡಿದುಕೊಂಡ. ಹದಿನಾಲ್ಕು ವರ್ಷ ಒಂದೇ ರೊಟ್ಟಿಯನ್ನು ಮುರಿದು ತಿಂದವರು ಅವರು. ದೊಡ್ಡ ಪಾಲು ಯಾರದೆಂದು ಕೇಳುವ ಹಾಗಿಲ್ಲ.

ಹಾಗೆ ನೋಡಿದರೆ ಸ್ಟ್ರೌಡ್‌ಗೆ ಜೋಥಮ್‌ನ ಮೇಲೆ ಮೆಚ್ಚುಗೆಯೇ ಇತ್ತು. ಆನೆಯನ್ನು ಪುಕ್ಕಟೆ ಯಾರೂ ನೋಡಬಾರದು. ಅದಕ್ಕೇ ಊರಿಂದೂರಿಗೆ ರಾತ್ರಿಯೇ ನಡೆಸಬೇಕು, ಕಂದೀಲು ಹಚ್ಚಬಾರದು ಎಂಬುದು ಕಟ್ಟಪ್ಪಣೆ. ಉಳಿದ ಕೆಲಸಗಾರರೆಲ್ಲ ಹಳ್ಳ ಬಂತು, ಕೊಳ್ಳ ಬಂತು ಎಂದು ಕದ್ದು ಹಚ್ಚುತ್ತಿದ್ದರು. ಜೋಥಮ್ ಮಾತ್ರ ಎರಡು ವರ್ಷದಲ್ಲಿ ಒಮ್ಮೆಯೂ ಬತ್ತಿ ಮುಟ್ಟಿದವನಲ್ಲ. ನಿಯತ್ತು ಎಂದರೆ ಇದು ಎಂದು ಸ್ಟ್ರೌಡ್ ಹೋದಲ್ಲೆಲ್ಲ ಹೇಳಿಕೊಂಡಿದ್ದ.

ಪರೀಕ್ಷೆ ಕಣಜದ ಅಂಗಳದಲ್ಲಿ ನಡೆಯಿತು. ಮೊಣಕಾಲೆತ್ತರಕ್ಕೆ ಒಂದು ಹಗ್ಗ ಬಿಗಿದರು. ಅದರಾಚೆ ಹೋಟೆಲಿನ ಯಜಮಾನಿ ಮೊಟ್ಟೆಯ ಬುಟ್ಟಿಯಿಟ್ಟಳು. ಬಾಯಿ ಬಿಡಬೇಡ ಎಂದು ಜೋಥಮ್‌ನನ್ನು ಐವತ್ತು ಹೆಜ್ಜೆ ದೂರ ನಿಲ್ಲಿಸಿದರು.

ಸರಪಳಿ ಸದ್ದಾಯಿತು. ಮಣ್ಣು ಅದುರಿತು. ಮತ್ತೆ ಎಲ್ಲ ಸ್ತಬ್ಧ. ಜನ ಹೋ ಎಂದು ಚಪ್ಪಾಳೆ ತಟ್ಟಿದ ಮೇಲೆಯೇ ಜೋಥಮ್‌ಗೆ ಉಸಿರು ಬಂದದ್ದು. ದೆಲೀಲಾ ಪಾವಡೆ ಎತ್ತಿಕೊಂಡ ಮದುವಣಗಿತ್ತಿಯಂತೆ ಹಗ್ಗ ದಾಟಿದ್ದಳು, ಬುಟ್ಟಿಯನ್ನು ಬಳಸಿ ನಡೆದಿದ್ದಳು, ಸ್ಟ್ರೌಡ್ ಸದ್ದಿಲ್ಲದೆ ಚಾಟಿ ಎತ್ತಿದಾಗ ಪಟ್ಟನೆ ಕಣ್ಣು ಮುಚ್ಚಿದ್ದಳು.

ಜೋಥಮ್ ಅವಳತ್ತ ಓಡಿದ. ಹಗ್ಗ ಕಾಲಿಗೆ ತೊಡರಿ ಮೊಟ್ಟೆಬುಟ್ಟಿಯ ಮೇಲೆಯೇ ಬೋರಲು ಬಿದ್ದ.

ಊರೇ ಬಿದ್ದು ಬಿದ್ದು ನಕ್ಕಿತು. "ಪರೀಕ್ಷೆ ಇವನಿಗಿಟ್ಟಿದ್ರೆ ಇವನ ತೊಗಲೇ ಸುಲೀಬೇಕಿತ್ತಲ್ಲೋ," ಎಂದ ಸ್ಟ್ರೌಡ್, ಈಗ ತಾನೂ ನಗುತ್ತ.

"ನನ್ನ ತೊಗಲಲ್ಲಿ ಒಂದು ಜೊತೆ ಕೈಗವಸೂ ಆಗಲ್ಲ ಯಜಮಾನ್ರೇ," ಎಂದ ಜೋಥಮ್, ಗಡ್ಡದಿಂದ ಲೋಳೆ ಒರೆಸುತ್ತ. "ನಮ್ಮಿಬ್ಬರಲ್ಲಿ ಬುದ್ಧಿ ಅವಳದು, ಬಾಯಿ ನನ್ನದು."

ಮುಂದಿನ ವರ್ಷಕ್ಕೂ ನೀನೇ ಇರು ಎಂದು ಸ್ಟ್ರೌಡ್ ಕೈ ಚಾಚಿದ. ಜೋಥಮ್ ಆ ಕೈ ಹಿಡಿಯದೆ ಗಡ್ಡ ಒರೆಸಿಕೊಳ್ಳುತ್ತಲೇ ನಿಂತಿದ್ದ. ಮೊಟ್ಟೆ ಮೆತ್ತಿದ ಕೈಯೆಂದು ಸಂಕೋಚವಿರಬೇಕು, ಪಾಪ, ಎಂದುಕೊಂಡು ಸ್ಟ್ರೌಡ್ ಕುದುರೆ ಹತ್ತಿದ.

ಕತ್ತಲಾಯಿತು ಎಂದು ಹೋಟೆಲಿನ ಯಜಮಾನಿ ಕಣಜಕ್ಕೆ ಬಂದು ಹೇಳಿಹೋದ ಮೇಲೆ ಜೋಥಮ್ ಹೊರಡಲು ಎದ್ದ.

"ಹೋದನೇನೇ, ತಾಯಿ?" ಎಂದು ಆನೆಗೆ ಪಿಸುಗುಟ್ಟಿದ.

ದೆಲೀಲಾ ಸೊಂಡಿಲನ್ನು ಅವನ ಹೆಗಲ ಮೇಲಿಟ್ಟು, ಗೋಡೆಗೆ ಮುಖ ಮಾಡಿ ನಿಂತಿದ್ದ ಅವನನ್ನು ಮೆಲ್ಲನೆ ಬಾಗಿಲ ಕಡೆಗೆ ತಿರುಗಿಸಿ, ಎರಡು ವರ್ಷದಿಂದ ಪ್ರತಿ ರಾತ್ರಿ ಮಾಡುತ್ತಿದ್ದಂತೆ, ಅವನಿಗೆ ಕಾಣದ ದಾರಿಯಲ್ಲಿ ನಡೆಸಿಕೊಂಡು ಹೊರಟಳು.